ಮೂರನೆಯದೂ ಹನ್ನೊಂದನೆಯದೂ

ಪೆನ್ಷನ್ ಮೊಹಲ್ಲಾದ ತಿರುವಿನಲ್ಲಿ, ಝೆರಾಕ್ಸ್ ಮೆಷಿನ್ನಿನ ಬಿಸಿಗೆ ಹತ್ತಿರ
ನೀಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ ಟೀಚರು.
ಮಡಿಲಲ್ಲಿ ಚೀಲ, ಚೀಲದಲ್ಲಿ ಐದು ನೋಟ್‌ಬುಕ್ಕು,
ಆಲೂರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ
ಯಾರಿಗೂ ತೋರಿಸದೆ ಬರೆದದ್ದು.
"ಒಂದೇ ಪ್ರತಿ ಸಾಕಮ್ಮ. ನಾನೇ ಓದ್ಕೊಳ್ಳೋಕೆ."

ನೂರಾ ಹನ್ನೆರಡು ಪುಟ ಟೈಪು ಮಾಡಿದ್ದೇನೆ.
ನಿನ್ನೆ ಸಂಜೆವರೆಗೆ ಎಲ್ಲ ನೆಟ್ಟಗಿತ್ತು.
ಇವತ್ತು ತೆರೆದರೆ ಮೊದಲ ಪುಟದಲ್ಲೇ
ಅವರ ಹೆಸರು ಕಳಚಿ ಬಿದ್ದಿದೆ:
ಜ್‌ಯೋತ್‌ಸ್‌ನಾ.
ಒತ್ತುಗಳೆಲ್ಲ ಮೇಲೆ ಬಂದು ಸಾಲಾಗಿ ನಿಂತಿವೆ,
ಬಸ್ಸು ಕೆಟ್ಟು ಇಳಿದವರ ಹಾಗೆ,
ಯಾರು ಯಾರ ಜೊತೆ ಬಂದವರೋ ತಿಳಿಯದ ಹಾಗೆ.
ಅಂಚಿನ ಮಲ್ಲಿಗೆ ಬಳ್ಳಿ ಬೇರೆ ಒಳನುಗ್ಗಿ
'ಅಮ್ಮ'ನ ಒತ್ತಿನ ಮೇಲೆ ಕೂತಿದೆ.

ಥೀಮ್ ಬದಲಿಸಿದೆ. ಬಳ್ಳಿ ಹೋಯಿತು, ಹೆಸರು ಕೂಡಲಿಲ್ಲ.
ಫಾಂಟ್ ಬದಲಿಸಿದೆ. ದಪ್ಪ ಅಕ್ಷರದಲ್ಲಿ ಒಡೆಯಿತು.
ಅಜ್ಗರ್ ಸಾಬರು ಬಗ್ಗಿ ನೋಡಿ
"ಆಫ್ ಮಾಡಿ ಆನ್ ಮಾಡು" ಅಂದು
ಲ್ಯಾಮಿನೇಶನ್ ಕಡೆ ಹೋದರು.
ಮಾಡಿದ್ದೆ. ಎರಡು ಸಲ.

ಉಳಿದದ್ದು ಬೇಸರದ ದಾರಿ:
ಹದಿನಾಲ್ಕು ಪ್ಲಗಿನ್ನನ್ನೂ ಆರಿಸಿಬಿಡುವುದು.
ಆರಿಸಿದೆ.
ಬರೀ ಬಿಳಿ ಹಾಳೆ. ಅಂಚಿಲ್ಲ, ಪುಟಸಂಖ್ಯೆಯಿಲ್ಲ,
ನಡುವೆ ಜ್ಯೋತ್ಸ್ನಾ,
ತಕಾರದ ಕಾಲಡಿ ಸ, ಅದರ ಕಾಲಡಿ ನ,
ಬಾವಿಯ ಮೆಟ್ಟಿಲಿಳಿದ ಹಾಗೆ.

"ಹೂಂ, ಇದೇ ನಾನು" ಅಂದರು ಟೀಚರು.
"ವರ್ಗಾವಣೆ ಆರ್ಡರಲ್ಲಿ ಜೋಸ್ನಾ. ಸಂಬಳದ ಪಟ್ಟೀಲಿ ಜೋತ್ಸನ.
ಪೆನ್ಷನ್ ಫೈಲಲ್ಲಿ ಬರೀ ಜ್ಯೋತಿ,
ಅದಕ್ಕೊಂದು ಅಫಿಡವಿಟ್ಟು."

ಒಂದೊಂದೇ ಹಚ್ಚುತ್ತ ಬಂದೆ.
ಹಚ್ಚು, ಮುಚ್ಚು, ತೆರೆ, ಕಾಯಿ,
ಪ್ರತಿ ಸಲವೂ ನಲವತ್ತು ಸೆಕೆಂಡು ತಿರುಗುವ ಚಕ್ರ.
ಟೀಚರು ಚಕ್ರವನ್ನೇ ನೋಡುತ್ತಿದ್ದರು,
ತಡವಾಗಿ ಉತ್ತರ ಹೇಳುವ ಹುಡುಗನನ್ನು ನೋಡುವ ಹಾಗೆ.
ಹತ್ತರವರೆಗೆ ಸರಿ. ಹನ್ನೊಂದಕ್ಕೆ ಒಡೆಯಿತು.
ನನ್ನದೇ ಅದು. ಕಾಗುಣಿತ ತಿದ್ದಲೆಂದು ಹೋದ ತಿಂಗಳು ಹಾಕಿದ್ದು;
ರಾತ್ರಿ ಯಾರನ್ನೂ ಕೇಳದೆ ಹೊಸ ಆವೃತ್ತಿಯಾಗಿದೆ.

ಅದೊಂದನ್ನೇ ಇಟ್ಟು ನೋಡಿದೆ. ಒಡೆಯಲಿಲ್ಲ!

ಮತ್ತೆ ಮೊದಲಿಂದ. ಒಂದರ ಜೊತೆ ಹನ್ನೊಂದು. ಎರಡರ ಜೊತೆ ಹನ್ನೊಂದು.
ಮೂರು.
ಮೂರು ಮಹದೇವಪ್ರಸಾದನದು, ನನಗಿಂತ ಮೊದಲು
ಈ ಕುರ್ಚಿಯಲ್ಲಿ ಕೂತಿದ್ದವನದು.
ಹಳೇ ಫೈಲುಗಳ ಒತ್ತಕ್ಷರ ರಿಪೇರಿಗೆ ಹಾಕಿದ್ದನಂತೆ. ಒಂಟಿಯಾಗಿ ಅದೂ ಚಿನ್ನ.
ಮೂರು ತಿದ್ದಿದ್ದನ್ನು
ಹನ್ನೊಂದು ತಪ್ಪೆಂದು ತಿದ್ದುತ್ತದೆ, ಅಷ್ಟೇ.

ಅವನ ಅಂಗಡಿ ಈಗ ರಸ್ತೆಯ ಆಚೆ ಬದಿಗೆ.
ಸಾಬರೂ ಅವನೂ ಮಾತಾಡಿ ಎರಡು ವರ್ಷ.
ಟೀ ತರುವ ನೆಪದಲ್ಲಿ ದಾಟಿ ಹೋಗಿ ಕೇಳಿದೆ.
ಫ್ಲೆಕ್ಸ್ ಕತ್ತರಿಸುತ್ತ, ತಲೆ ಎತ್ತದೆ,
"ಮೂರನ್ನ ಆರಿಸಿಡು. ಅಳಿಸ್ಬೇಡ, ಹಳೇದು ಬಂದಾಗ ಬೇಕಾಗುತ್ತೆ" ಅಂದ.
ಕತ್ತರಿ ನಿಂತಿತು.
"ಸಾಬ್ರಿಗೆ ಶುಗರ್ ಎಷ್ಟಿದೆ ಈಗ?"

ನನಗೆ ಗೊತ್ತಿರಲಿಲ್ಲ.

ಪ್ರಿಂಟು ಬಂತು, ಬಳ್ಳಿ ತನ್ನ ಅಂಚಿನಲ್ಲಿ, ಹೆಸರು ತನ್ನ ಮೆಟ್ಟಿಲಲ್ಲಿ.
ಟೀಚರು ಬಿಸಿ ಹಾಳೆಗಳನ್ನು ಮಗುಚುತ್ತ
ನಲವತ್ತೇಳರಲ್ಲಿ ನಿಂತರು.
'ಆ ಹುಡುಗಿ ಮರುದಿನ ಬರೆಯಲಿಲ್ಲ.'
ನೋಟ್‌ಬುಕ್ಕು ತೆಗೆದು ತೋರಿಸಿದರು. 'ಬರಲಿಲ್ಲ.'
ಮೂರೂ ಹಿಡಿಯದ ತಪ್ಪು, ಹನ್ನೊಂದೂ ಹಿಡಿಯದ ತಪ್ಪು,
ಎರಡೂ ಸರಿಯಾದ ಕನ್ನಡವೇ.

"ಇನ್ನೊಂದು ಪ್ರಿಂಟು ತೆಗೀತೀನಿ ಟೀಚರ್."
ಚೀಲದಲ್ಲಿ ಕೆಂಪು ಪೆನ್ನು ಇತ್ತು, ರಿಟೈರಾದ ಮೇಲೂ.
ಅಡ್ಡಗೆರೆ ಎಳೆದು, ಮೇಲೆ ಬರೆದು,
ಆ ಪುಟದಲ್ಲೇ ಸ್ವಲ್ಪ ಹೊತ್ತು ಇದ್ದು,
ಪೆನ್ನಿಗೆ ಮುಚ್ಚಳ ಹಾಕಿ
ಚಿಲ್ಲರೆ ಎಣಿಸತೊಡಗಿದರು.